ಅಪ್‌ಡೇಟ್: ಬೇಸಿಗೆಯಲ್ಲಿ ಬದನೆ ಉಳಿಯಿತು, ಬೀನ್ಸ್ ಹೋಯಿತು

ಸೋಮವಾರಪೇಟೆ ಕಡೆ ಬಾವಿ ನೀರು ಕೆಳಗಿಳಿದಿದೆ, ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬರುವವರೆಗೆ ಮನೆ ಹಿಂದಿನ ಬದನೆ, ಸೌತೆ, ಬೀನ್ಸ್ ಉಳಿಸುವುದು ಹೇಗೆ ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಗೆದ್ದಿದ್ದು ಮಡಕೆ. ಗಿಡದ ಪಕ್ಕ ಮಣ್ಣಿನ ಮಡಕೆಯನ್ನು ಕುತ್ತಿಗೆವರೆಗೆ ಹೂಳಿ, ನೀರು ತುಂಬಿ ಎಂದ ಅಕ್ಕನಿಗೆ ದೊಡ್ಡ ಥ್ಯಾಂಕ್ಸ್. ಸುತ್ತಲಿನ ಮಣ್ಣು ಒಣಗಿದಷ್ಟೂ ನೀರು ತಾನೇ ಹೊರಗೆ ಜಿನುಗುತ್ತದೆ. ಸೌತೆ ಬೇರು ಮಡಕೆಯನ್ನೇ ಅಪ್ಪಿಕೊಂಡಿತ್ತು! ಬಣ್ಣ ಹಚ್ಚಿದ ಮಡಕೆ ಬೇಡ, ನೀರು ಜಿನುಗುವುದಿಲ್ಲ. ಬಾಯಿಗೆ ಮುಚ್ಚಳ ಇಡಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ.

ದಿನಾ ಸಂಜೆ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವ ಸಲಹೆ ನಮ್ಮಲ್ಲಿ ನಡೆಯಲಿಲ್ಲ. ಮೇಲ್ಮಣ್ಣು ಮಾತ್ರ ನೆನೆಯುತ್ತದೆ, ಬೇರು ಆಳಕ್ಕೆ ಇಳಿಯುವುದೇ ಇಲ್ಲ. ಬೀನ್ಸ್‌ಗೆ ನೀರಿದ್ದರೂ ಬಿಸಿಲಿಗೆ ಹೂವು ಉದುರಿತು. ಅದನ್ನು ಬಿಟ್ಟುಬಿಟ್ಟೆ.

ಇನ್ನೊಂದು ಹೊಸ ವಿಷಯ ತಿಳಿಯಿತು. ಮಧ್ಯಾಹ್ನ ಎಲೆ ಬಾಡಿದರೆ ಗಾಬರಿ ಬೇಡ. ಸಂಜೆಗೆ ಎದ್ದರೆ ಅದು ಬರೀ ಬಿಸಿಲಿನ ಆಟ. ಬೆಳಿಗ್ಗೆಯೂ ಜೋತು ಬಿದ್ದಿದ್ದರೆ ಮೊದಲು ಮಣ್ಣು ಮುಟ್ಟಿ ನೋಡಿ, ಒಣಗಿದ್ದರೆ ನೀರು ಹಾಕಿ.

ಕಾಫಿ ತೋಟದ ನೆರಳಿನ ಮರ ಸಿಲ್ವರ್ ಓಕ್‌ನ ತರಗೆಲೆ ಹೊದಿಕೆಯೂ ಒಳ್ಳೆಯದೇ. ತೋಟದಲ್ಲಿ ಬೇಕಾದಷ್ಟು ಸಿಗುತ್ತದೆ, ಬೇಗ ಕೊಳೆಯುವುದೂ ಇಲ್ಲ. ಆದರೆ ಮಣ್ಣು ಚೆನ್ನಾಗಿ ನೆನೆಸಿದ ಮೇಲೆ ಹಾಸಿ. ಜಾಸ್ತಿ ದಪ್ಪ ಹಾಸಿದ್ದರೆ ಸಣ್ಣ ಮಳೆ ಕೆಳಗೆ ಇಳಿಯುವುದೇ ಇಲ್ಲ. ಮಳೆ ಬಂತು ಎಂದು ನೀರು ನಿಲ್ಲಿಸುವ ಮೊದಲು ಎಲೆ ಸರಿಸಿ ಬೆರಳು ಹಾಕಿ ನೋಡಿ.