ಸಹಾಯ ಬೇಕು: ನರಾರಾದಲ್ಲಿ ಹವಳ ನೋಡಲು ಯಾವ ದಿನ ಹೋಗಬೇಕು?

ಎಲ್ಲರಿಗೂ ಶರಣು. ನಾವು ಕಲಬುರಗಿಯವರು. ಚಳಿಗಾಲದಲ್ಲಿ ಗುಜರಾತಿನ ಜಾಮನಗರದ ಹತ್ತಿರದ ಮರೈನ್ ನ್ಯಾಷನಲ್ ಪಾರ್ಕ್‌ಗೆ ಹೋಗಬೇಕು ಅಂತಿದ್ದೇವೆ. 1982ರಲ್ಲಿ ಆದ ದೇಶದ ಮೊದಲ ಸಮುದ್ರ ರಾಷ್ಟ್ರೀಯ ಉದ್ಯಾನ ಅದು. ಅಲ್ಲಿನ ನರಾರಾ ಅನ್ನೋ ಜಾಗದಲ್ಲಿ ಸಮುದ್ರದ ನೀರು ಇಳಿದಾಗ ನಡೆದುಕೊಂಡೇ ಹೋಗಿ ಹವಳ, ಆಕ್ಟೋಪಸ್, ಏಡಿ ಎಲ್ಲ ನೋಡಬಹುದು. ನನ್ನ ಮಗಳು ಇನ್ನೂ ಸಮುದ್ರವನ್ನೇ ನೋಡಿಲ್ಲ. ಅವಳಿಗೆ ಇದನ್ನು ತೋರಿಸಬೇಕು ಅಂತ ತುಂಬಾ ಆಸೆ.

ತೊಂದರೆ ಆಗಿರುವುದು ಇಳಿತದ ಹೊತ್ತಿನದು. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ನೀರು ಜಾಸ್ತಿ ಇಳಿಯುತ್ತದೆ, ಸರಿ. ಆದರೆ ನೀರು ಇಳಿಯುವ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಕತ್ತಲಲ್ಲಿ ನೀರು ಇಳಿದರೆ ಏನು ನೋಡುವುದು? ಅದೇ ಕರಾವಳಿಯ ಓಖಾ ಬಂದರಿನ ಉಬ್ಬರ-ಇಳಿತದ ಸಮಯದ ಪಟ್ಟಿ ಸಿಕ್ಕಿತು. ನರಾರಾಕ್ಕೆ ಅದರಲ್ಲಿ ಎಷ್ಟು ಹೊತ್ತು ಕೂಡಿಸಬೇಕೋ ಗೊತ್ತಾಗುತ್ತಿಲ್ಲ. ಟ್ರಾವೆಲ್ಸ್‌ನವರನ್ನು ಕೇಳಿದರೆ ಸುಮ್ನೆ "ಯಾವಾಗ ಬೇಕಾದರೂ ಹೋಗಿ" ಅಂತಾರೆ. ಮುಂಬೈಯಲ್ಲಿ ರೈಲು ಬದಲಿಸಬೇಕು, ಟಿಕೆಟ್ 60 ದಿನ ಮೊದಲೇ ತೆಗೆಯಬೇಕು. ಅಷ್ಟು ದೂರ ಹೋಗಿ ಬರೀ ನೀರು ನೋಡಿ ಬರುವ ಹಾಗಾಗಬಾರದು ಅಲ್ವಾ?

ಹೋಗಿ ಬಂದ ಅಣ್ಣಂದಿರು, ಅಕ್ಕಂದಿರು ದಯವಿಟ್ಟು ಹೇಳಿ. ಹುಣ್ಣಿಮೆಯ ದಿನವೇ ಹೋಗಬೇಕಾ, ಇಲ್ಲ ಎರಡು ಮೂರು ದಿನ ಬಿಟ್ಟು ಹೋದರೆ ಹಗಲಲ್ಲೇ ಚೆನ್ನಾಗಿ ಇಳಿತ ಸಿಗುತ್ತದಾ?