ವ್ಯಾನ್ ಒಳಗಿನ ಸದ್ದು: ಮೊದಲು ರಬ್ಬರ್, ಆಮೇಲೆ ಶೀಟ್

ಮನೆಯವರೆಲ್ಲ ಸೇರಿ ಇಟ್ಟುಕೊಂಡಿರುವ, ಒಳಗೇ ಅಡುಗೆ ಮಾಡಿ ಮಲಗುವ ಹಳೇ ವ್ಯಾನಿನ ಬಗ್ಗೆ ನಮ್ಮ ಮನೆಯ ಗ್ರೂಪಿನಲ್ಲಿ ನಡೆದ ಮಾತು ಇದು.

ಸಣ್ಣ ತಮ್ಮ: ಎಲ್ಲರೂ ಈ ವಿಡಿಯೋ ನೋಡಿ. ನಮ್ಮಂಥದ್ದೇ ಹಳೇ ಡೀಸೆಲ್ ವ್ಯಾನ್. ಒಳಗೆ ಪೂರ್ತಿ ಬೆಳ್ಳಿ ಬಣ್ಣದ ಶೀಟ್ ಅಂಟಿಸಿದ್ದಾರೆ. ಹಾಕುವ ಮೊದಲು, ಹಾಕಿದ ಮೇಲೆ ಸದ್ದು ಎಷ್ಟು ಡೆಸಿಬೆಲ್ ಅಂತ ಅಳೆದೂ ತೋರಿಸಿದ್ದಾರೆ. ಈಗ ಒಳಗೆ ಸದ್ದೇ ಇಲ್ಲ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕೇಳಿದೆ. ನೆಲ, ಗೋಡೆ, ಛಾವಣಿ ಎಲ್ಲ ಸೇರಿ 45 ಸಾವಿರ ಅಂದರು. ವ್ಯಾನ್ ಖಾತೆಯಲ್ಲಿ ಅಷ್ಟು ದುಡ್ಡಿದೆ. ಮಳೆ ಶುರುವಾಗೋ ಮೊದಲು ಮಾಡಿಸಿಬಿಡೋಣ.

ಅತ್ತೆ ಹಾವೇರಿ: ನನ್ನ ಒಪ್ಪಿಗೆ ಇದೆ. ಅಂಕೋಲೆಗೆ ಹೋಗಿ ಬಂದ ಮೇಲೆ ರಾತ್ರಿಯಿಡೀ ಕಿವಿಯಲ್ಲಿ ಗುಂಯ್ ಅಂತಿತ್ತು.

ನಾನು: ನಂದು ಒಪ್ಪಿಗೆ ಇಲ್ಲ. ಸದ್ದು ಕಡಿಮೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸದ್ದು ಎಲ್ಲಿಂದ ಬರುತ್ತಿದೆ ಅಂತ ಯಾರೂ ನೋಡಿಲ್ಲ. ನೋಡದೇ ಇಡೀ ಖಾತೆ ಖಾಲಿ ಮಾಡೋದು ಬೇಡ.

ಸಣ್ಣ ತಮ್ಮ: ಅಕ್ಕಾ, ಹಿಂದಿನ ಸೀಟಿನಲ್ಲಿ ಕೂರೋದು ಆಯಿ. ಹುಬ್ಬಳ್ಳಿ ದಾಟುತ್ತಿದ್ದಂತೆ ಕಿವಿ ಮಷೀನ್ ತೆಗೆದು ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಆಮೇಲೆ ದಾರಿಯುದ್ದಕ್ಕೂ ಒಬ್ಬಳೇ ಸುಮ್ನೆ ಕೂತಿರುತ್ತಾಳೆ. ಅದನ್ನು ನೋಡೋಕೆ ನನಗೆ ಆಗಲ್ಲ.

ನಾನು: ತಮ್ಮಾ, ನಾನು ಬೇಡ ಅಂತಿರೋದೂ ಆಯಿ ಸಲುವಾಗಿಯೇ. ಮಾತು ಯಾವುದು, ರಸ್ತೆ ಸದ್ದು ಯಾವುದು ಅಂತ ಕಿವಿ ಮಷೀನ್‌ಗೆ ಪೂರ್ತಿ ಬೇರೆ ಮಾಡೋಕೆ ಬರಲ್ಲ. ಎರಡನ್ನೂ ದೊಡ್ಡದು ಮಾಡಿ ಕಿವಿಗೆ ಹಾಕುತ್ತೆ. ಅದಕ್ಕೇ ಅವಳು ತೆಗೆದಿಡೋದು. ನಮ್ಮ ಮಾತು ಅವಳಿಗೆ ಕೇಳಬೇಕು ಅಂದರೆ ಅವಳು ಕೂರುವ ಜಾಗದ ಸದ್ದು ಇಳಿಯಬೇಕು. ಅವಳು ಕೂರೋದು ಹಿಂದಿನ ಗಾಲಿಯ ಮೇಲೆಯೇ, ಜಾರು ಬಾಗಿಲಿನ ಪಕ್ಕದಲ್ಲಿ.

ಆ ಶೀಟ್ ಏನು ಕೆಲಸ ಮಾಡುತ್ತೆ ಹೇಳುತ್ತೇನೆ. ಅದು ಬ್ಯೂಟೈಲ್ ರಬ್ಬರ್, ಮೇಲೆ ಅಲ್ಯೂಮಿನಿಯಂ ಹಾಳೆ. ಊಟದ ಸ್ಟೀಲ್ ತಟ್ಟೆಗೆ ಚಮಚದಿಂದ ಹೊಡೆದರೆ ಠಣ್ ಅನ್ನುತ್ತೆ, ಬೆರಳು ಒತ್ತಿದರೆ ನಿಲ್ಲುತ್ತೆ ಅಲ್ವಾ, ಅದೇ ಕೆಲಸ. ತಗಡು ನಡುಗೋದನ್ನು ನಿಲ್ಲಿಸುತ್ತೆ. ಅದಕ್ಕೆ ತಗಡನ್ನು ಪೂರ್ತಿ ಮುಚ್ಚಬೇಕಾಗಿಲ್ಲ. ದೊಡ್ಡ ತಗಡಿನ ನಡುಭಾಗದಲ್ಲಿ ಕಾಲು ಭಾಗದಿಂದ ಅರ್ಧ ಭಾಗ ಅಂಟಿಸಿದರೆ ಸಾಕು. ಮಿಕ್ಕಿದ್ದು ದುಡ್ಡು, ಭಾರ ಎರಡೂ ದಂಡ. ಇನ್ನು ಬಾಗಿಲ ಸಂದಿಯಿಂದ ಒಳಗೆ ಬರುವ ಗಾಳಿ ಸದ್ದು, ಟೈರ್ ಸದ್ದು ಇವೆಯಲ್ಲ, ಅವಕ್ಕೆ ಈ ಶೀಟ್ ಹೆಚ್ಚೇನೂ ಮಾಡಲ್ಲ.

ವೈನಿ: ಈಗಷ್ಟೇ ಕ್ಲಾಸ್ ಮುಗಿಸಿ ಬಂದೆ. ವಿಡಿಯೋ ನೋಡಿದೆ. ಶೀಟ್ ಹಾಕುವ ಮೊದಲು ಅಳೆದಿದ್ದು ಕಾಂಕ್ರೀಟ್ ರಸ್ತೆಯಲ್ಲಿ, ಹಾಕಿದ ಮೇಲೆ ಅಳೆದಿದ್ದು ಹೊಸ ಡಾಂಬರಿನ ಮೇಲೆ. ಗೆರೆ ಹೊಡೆದ ಕಾಂಕ್ರೀಟ್ ಮೇಲೆ ಟೈರ್ ಸದ್ದು ಜಾಸ್ತಿಯೇ ಇರುತ್ತೆ. ಶೀಟ್ ಹಾಕದಿದ್ದರೂ ಆ ವ್ಯತ್ಯಾಸ ಕಾಣುತ್ತಿತ್ತು.

ಸಣ್ಣ ತಮ್ಮ: ಹಾಗಾದರೆ ಆ ಡೆಸಿಬೆಲ್ ಲೆಕ್ಕ ಎಲ್ಲ ಸುಳ್ಳಾ ವೈನಿ?

ವೈನಿ: ಸುಳ್ಳು ಅಂತಲ್ಲ, ಹೋಲಿಸಿದ ರೀತಿ ಸರಿಯಿಲ್ಲ. 3 ಡೆಸಿಬೆಲ್ ಇಳಿದರೆ ಸದ್ದಿನ ಶಕ್ತಿ ಅರ್ಧ ಆಯಿತು ಅಂತ ಅರ್ಥ. ಆದರೆ ಕಿವಿಗೆ ಅದು ಸ್ವಲ್ಪ ಮಾತ್ರ ಗೊತ್ತಾಗುತ್ತೆ. ಅರ್ಧ ಸದ್ದು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಮೊಬೈಲಿನಲ್ಲಿ ಅಳೆದರೂ ಪರವಾಗಿಲ್ಲ, ಆದರೆ ಅದೇ ಮೊಬೈಲ್, ಅದೇ ರಸ್ತೆ, ಅದೇ ವೇಗ, ಅದೇ ಗೇರ್ ಇರಬೇಕು. ಕಿಟಕಿ ಎಲ್ಲ ಮುಚ್ಚಿರಬೇಕು.

ಇನ್ನೊಂದು ಮಾತು. ಒಂದು ಗೋಡೆಯಲ್ಲಿ ನೂರರಲ್ಲಿ ಒಂದು ಭಾಗ ಸಂದಿ ಇದ್ದರೆ ಸಾಕು, ಗೋಡೆ ಎಷ್ಟೇ ದಪ್ಪ ಇರಲಿ, ಅದು ತಡೆಯುವ ಸದ್ದು 20 ಡೆಸಿಬೆಲ್ ದಾಟಲ್ಲ. ನಮ್ಮ ಜಾರು ಬಾಗಿಲಿನ ಕೆಳಗೆ ಬೆರಳು ತೂರುತ್ತೆ. ಅದನ್ನು ಹಾಗೇ ಬಿಟ್ಟು ಛಾವಣಿಗೆ ಶೀಟ್ ಅಂಟಿಸಿದರೆ ಏನು ಬಂತು?

ಕಾಕಾ ಗದಗ: ಬಾಗಿಲಿನ ಬೀಡಿಂಗ್, ಅಂದರೆ ಅಂಚಿನ ರಬ್ಬರ್ ಪಟ್ಟಿ, ಪೂರ್ತಿ ಚಪ್ಪಟೆ ಆಗಿದೆ. ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆದು ನೋಡಿದೆ. ಎಲ್ಲೂ ಹಿಡಿಯದೇ ಸರಾಗ ಬಂತು. ಹೊಸ ಬೀಡಿಂಗ್‌ಗೆ ಹೆಚ್ಚೇನೂ ಆಗಲ್ಲ.

ಆದರೆ ನನ್ನ ತಕರಾರು ಬೇರೆ ಇದೆ. ಓಡಿಸೋನು ನಾನು. ಹುಬ್ಬಳ್ಳಿ ಹತ್ತಿರ ಗಬ್ಬೂರ್ ದಾಟಿ ಬೈಪಾಸ್ ಹಿಡಿದು 60ಕ್ಕೆ ಬಂದರೆ ಹಿಂದಿನಿಂದ ಗೂಂ ಅಂತ ಒಂದು ಸದ್ದು ಶುರುವಾಗುತ್ತೆ. ಬರೀ ಟೈರಿನ ಸದ್ದಾದರೆ ರಸ್ತೆ ಬದಲಾದಂತೆ ಬದಲಾಗಬೇಕು. ಇದು ಡಾಂಬರು, ಕಾಂಕ್ರೀಟ್ ಎರಡರಲ್ಲೂ ಒಂದೇ ಥರ ಇದೆ. ಸ್ವಲ್ಪ ಎಡಕ್ಕೆ ತಿರುಗಿಸಿದರೆ ಜಾಸ್ತಿ ಆಗುತ್ತೆ, ಬಲಕ್ಕೆ ತಿರುಗಿಸಿದರೆ ಇಳಿಯುತ್ತೆ. ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಗಾಲಿಗೆ ಬೀಳುತ್ತೆ. ಬಲ ಹಿಂದಿನ ಬೇರಿಂಗ್ ಹೋಗಿದೆ ಅಂತ ನನ್ನ ಅನುಮಾನ. ಅದಕ್ಕೆ ಶೀಟ್ ಅಂಟಿಸಿ ಸದ್ದು ಮುಚ್ಚಿದರೆ ಅಂಕೋಲೆ ದಾರಿಯ ಅರಬೈಲ್ ಘಾಟಿನಲ್ಲಿ ಗಾಲಿ ಸಿಕ್ಕಿಕೊಂಡಾಗಲೇ ಗೊತ್ತಾಗೋದು. ನಾನು ಅಂಥ ವ್ಯಾನ್ ಓಡಿಸಲ್ಲ.

ಅತ್ತೆ ಹಾವೇರಿ: ಅಯ್ಯೋ ಅಣ್ಣಾ, ಇದನ್ನು ಮೊದಲೇ ಹೇಳಬಾರದಾ? ಬೇರಿಂಗ್ ಮೊದಲು ಆಗಲಿ.

ನಾನು: ಕಾಕಾ, ಬೇರಿಂಗ್ ನಾಳೆಯೇ ತೋರಿಸಿ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಟೈರ್ ಮೇಲೂ ಅಂಗೈ ಸವರಿ ನೋಡಿ. ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿದ್ದರೆ ಅದೂ ಗುಂಯ್ ಅನ್ನುತ್ತೆ. ಅಣ್ಣಿಗೇರಿ, ನವಲಗುಂದ ಕಡೆಯ ಎರೆ ಭೂಮಿಯಲ್ಲಿ ರಸ್ತೆ ಉಬ್ಬಿ ತಗ್ಗಿ ಅಲೆ ಆಗಿರುತ್ತೆ. ಶಾಕ್ ಅಬ್ಸಾರ್ಬರ್ ಹಳೇದಾದರೆ ಅಲ್ಲಿ ಗಾಲಿ ಕುಣಿದು ಟೈರ್ ಹಾಗೆ ಸವೆಯುತ್ತೆ.

ಸಣ್ಣ ತಮ್ಮ: ಎಲ್ಲ ಒಪ್ಪಿದೆ. ಆದರೆ ಶೀಟ್ ಹಾಕಿದರೆ ಬಿಸಿಲೂ ಕಡಿಮೆ ಆಗುತ್ತಲ್ಲ. ಕಾಕಾ ವ್ಯಾನ್ ನಿಲ್ಲಿಸೋದು ಗದಗಿನ ಬಿಸಿಲಿನಲ್ಲಿ. ಮಧ್ಯಾಹ್ನ ಒಳಗೆ ಕಾಲಿಡೋಕೆ ಆಗಲ್ಲ. ಒಂದೇ ಖರ್ಚಿನಲ್ಲಿ ಎರಡು ಕೆಲಸ.

ನಾನು: ಇಲ್ಲ ತಮ್ಮಾ. ಬೆಳ್ಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸಬೇಕಾದರೆ ಅದರ ಮುಂದೆ ಗಾಳಿ ಇರುವ ಜಾಗ ಬೇಕು. ತಗಡಿಗೆ ಅಂಟಿಸಿ ಮೇಲೆ ಪ್ಯಾನೆಲ್ ಒತ್ತಿ ಕೂರಿಸಿದರೆ ಶಾಖ ಹಾಗೇ ಒಳಗೆ ದಾಟುತ್ತೆ. ಶಾಖಕ್ಕೆ ಫೋಮ್ ಬೇರೆಯೇ ಹಾಕಬೇಕು. ಮತ್ತೆ ಅಂಗಡಿಯವರು ಕೊಡೋದು ಬ್ಯೂಟೈಲೋ ಡಾಂಬರಿನ ಶೀಟೋ ಕೇಳಿದ್ದೀಯಾ? ಡಾಂಬರಿನದು ಅಗ್ಗ. ಮೇ ಬಿಸಿಲಿಗೆ ಮೆತ್ತಗಾಗಿ ವಾಸನೆ ಬರುತ್ತೆ, ಛಾವಣಿಯಿಂದ ಕಳಚಿ ಬೀಳುತ್ತೆ.

ಒಂದು ವಿಷಯದಲ್ಲಿ ನಿನ್ನ ಮಾತು ಸರಿ. ಛಾವಣಿಗೆ ಒಳ್ಳೇ ಶೀಟ್ ಹಾಕಿದರೆ ಮಳೆ ಹೊಡೆಯುವ ಸದ್ದು ಚೆನ್ನಾಗಿ ಇಳಿಯುತ್ತೆ. ಯಲ್ಲಾಪುರದ ಮಳೆಯಲ್ಲಿ ವ್ಯಾನಿನಲ್ಲೇ ಮಲಗುವವರಿಗೆ ಅದು ಬೇಕು. ನಡುವಿನ ಪಟ್ಟಿಗೆ ಮಾತ್ರ ಹಾಕೋಣ.

ಸಣ್ಣ ತಮ್ಮ: ನೆಲಕ್ಕೆ? ರಸ್ತೆ ಸದ್ದು ಬರೋದೇ ಅಲ್ಲಿಂದ ಅಲ್ವಾ?

ನಾನು: ನೆಲಕ್ಕೆ ಖರ್ಚು ಮಾಡೋಣ, ಅಲ್ಲಿ ನಾನು ಜಿಪುಣತನ ಮಾಡಲ್ಲ. ಹಿಂದಿನ ಗಾಲಿಯ ಕಮಾನಿಗೆ ಶೀಟ್. ನೆಲದ ಮೇಲೆ ನೀರು ಕುಡಿಯದ ಫೋಮ್, ಅದರ ಮೇಲೆ ಭಾರದ ವಿನೈಲ್ ಹಾಸು, ಅದರ ಮೇಲೆ ಈಗಿರುವ ಪ್ಲೈವುಡ್. ಸದ್ದು ತಡೆಯೋದು ಭಾರ. ಆ ಭಾರ ತಗಡಿಗೆ ನೇರವಾಗಿ ತಾಗದಂತೆ ಫೋಮ್ ನಡುವೆ ಇರುತ್ತೆ. ವಿನೈಲ್ ಚದರ ಮೀಟರ್‌ಗೆ ಸುಮಾರು 5 ಕಿಲೋ ಬರುತ್ತೆ. ನೆಲಕ್ಕೆಲ್ಲ ಸೇರಿ ಒಬ್ಬ ಹುಡುಗನ ತೂಕ ಆಗುತ್ತೆ, ವ್ಯಾನ್ ತಡೆದುಕೊಳ್ಳುತ್ತೆ. ಗೋಡೆ, ಛಾವಣಿಗೂ ಅದನ್ನೇ ಹಾಕಿದರೆ ಘಾಟಿ ಹತ್ತುವಾಗ ಎಂಜಿನ್ ಇನ್ನೂ ಜೋರಾಗಿ ಕೂಗುತ್ತೆ. ಬಾಗಿಲಿನ ಅಡಿಯ ನೀರು ಹೋಗುವ ತೂತು ಮಾತ್ರ ಯಾರೂ ಮುಚ್ಚಬಾರದು. ಮುಚ್ಚಿದರೆ ನೀರು ನಿಂತು ತುಕ್ಕು ಹಿಡಿಯುತ್ತೆ.

ಅತ್ತೆ ಹಾವೇರಿ: ಮುಂದಿನ ಎರಡು ಸೀಟಿನ ನಡುವೆ ಎಂಜಿನ್ ಮುಚ್ಚಳ ಇದೆಯಲ್ಲ, ಅಲ್ಲಿಂದ ಹೊಗೆ ವಾಸನೆ ಬರುತ್ತೆ. ಅದಕ್ಕೂ ಏನಾದರೂ ಅಂಟಿಸೋಣವಾ?

ನಾನು: ಅತ್ತೆ, ಅದು ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು. ಮುಚ್ಚಳದ ರಬ್ಬರ್ ಹೋಗಿದೆ, ಜೊತೆಗೆ ಸೈಲೆನ್ಸರ್ ಪೈಪ್ ಎಲ್ಲೋ ಸೋರುತ್ತಿರಬಹುದು. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ಇರುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೊದಲು ಸೋರುವ ಪೈಪ್ ಸರಿಮಾಡಿಸಬೇಕು, ಆಮೇಲೆ ಮುಚ್ಚಳದ ರಬ್ಬರ್ ಹಾಕಬೇಕು. ಮುಚ್ಚಳದ ಒಳಗಡೆ ಹಾಕುವ ಪದರ ಬೆಂಕಿ ಹತ್ತದ ಜಾತಿಯದೇ ಆಗಿರಬೇಕು, ಸಾದಾ ಸ್ಪಂಜ್ ಬೇಡವೇ ಬೇಡ. ಸದ್ದಿನ ನೆಪದಲ್ಲಿ ಮೇಲಿನ ಗಾಳಿ ಕಿಂಡಿಯನ್ನೂ ಮುಚ್ಚಬಾರದು. ಒಳಗೆ ಒಲೆ ಹಚ್ಚುತ್ತೇವೆ, ಮಕ್ಕಳು ಮಲಗುತ್ತಾರೆ.

ವೈನಿ: ಇದನ್ನು ದಯವಿಟ್ಟು ಎಲ್ಲರೂ ಗಮನದಲ್ಲಿಡಿ.

ಅತ್ತೆ ಹಾವೇರಿ: ಸರಿ. ಪಾತ್ರೆ ಡ್ರಾಯರ್‌ಗೆ ದಪ್ಪ ಬಟ್ಟೆ ಹಾಸೋದು, ಒಲೆಯ ಜಾಲರಿ ಕಟ್ಟೋದು ನನ್ನ ಕೆಲಸ. ಅರ್ಧ ಗಲಾಟೆ ಅದರದ್ದೇ.

ಕಾಕಾ ಗದಗ: ನಿಮ್ಮ ಆಯಿ ನನ್ನ ಪಕ್ಕದಲ್ಲೇ ಇದ್ದಾಳೆ, ಎಲ್ಲ ಓದಿ ಹೇಳಿದೆ. ತಾನು ಮುಂದೆ ಕೂರಲಾ ಅಂತ ಕೇಳುತ್ತಿದ್ದಾಳೆ.

ನಾನು: ಮುಂದೆ ಬೇಡ ಕಾಕಾ, ಪಕ್ಕದಲ್ಲೇ ಎಂಜಿನ್ ಇರುತ್ತೆ. ನಡುವಿನ ಸೀಟಿಗೆ ಬರಲಿ. ಎಂಜಿನ್, ಹಿಂದಿನ ಗಾಲಿ ಎರಡರಿಂದಲೂ ದೂರ. ಎದುರಿಗೆ ಕೂತು ಮಾತಾಡಿದರೆ ತುಟಿಯೂ ಕಾಣುತ್ತೆ. ಇದಕ್ಕೆ ಒಂದು ರೂಪಾಯಿಯೂ ಬೇಡ.

ಸಣ್ಣ ತಮ್ಮ: ಸರಿ ಅಕ್ಕಾ. ಪೈಪ್, ಬೇರಿಂಗ್, ಬೀಡಿಂಗ್ ಮೊದಲು. ಆದರೆ ನೆಲದ ದುಡ್ಡು ಈಗಲೇ ಎತ್ತಿಡಿ. ಆಮೇಲೆ ನೋಡೋಣ ಅಂದರೆ ನಾನು ಸುಮ್ಮನಿರಲ್ಲ.

ನಾನು: ಎತ್ತಿಟ್ಟಿದ್ದೇನೆ. ಖಾತೆಯ ಲೆಕ್ಕ ಇವತ್ತು ರಾತ್ರಿ ಇಲ್ಲೇ ಹಾಕುತ್ತೇನೆ.

ಕಾಕಾ ಗದಗ: ಪೈಪ್ ಮತ್ತು ಬೇರಿಂಗ್ ಈ ವಾರ ಮುಗಿಸುತ್ತೇನೆ. ಭಾನುವಾರ ಬೆಳಗ್ಗೆ ಗದಗಿನಿಂದ ಅಣ್ಣಿಗೇರಿ ತನಕ 60ರಲ್ಲಿ ಓಡಿಸೋಣ. ವೈನಿ ಅಳೆಯಲಿ. ಬೀಡಿಂಗ್ ಹಾಕಿದ ಮೇಲೆ ಅದೇ ರಸ್ತೆಯಲ್ಲಿ ಇನ್ನೊಂದು ಸಲ.

ವೈನಿ: ಎಂಟು ಗಂಟೆಗೆ ಗದಗ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ ಕಾಕಾ.