ಟೈರ್ ಬದಲಿಸಿದ ಮೇಲೆ ಮೀಟರ್ ಜಾಸ್ತಿ ತೋರಿಸುತ್ತಿದೆ, ರೋಡ್ ಹಂಪ್‌ಗೆ ಗಾಡಿಯ ತಳ ತಾಗುತ್ತಿದೆ (ಸ್ವಿಫ್ಟ್ ವಿಎಕ್ಸ್ಐ, 2018)

ಕಲ್ಪತರು_ಸ್ವಿಫ್ಟ್:
ಎಲ್ಲರಿಗೂ ನಮಸ್ಕಾರ. ನನ್ನದು 2018ರ ಸ್ವಿಫ್ಟ್ ವಿಎಕ್ಸ್ಐ, ಪೆಟ್ರೋಲ್. ಹಳೆ ಟೈರು ಸವೆದು ನುಣ್ಣಗಾಗಿತ್ತು, ಹೋದ ತಿಂಗಳು ನಾಲ್ಕೂ ಹೊಸದು ಹಾಕಿಸಿದೆ. ಆವತ್ತಿಂದ ಗಾಡಿ ಬೇರೆ ಥರ ಆಡುತ್ತಿದೆ.

ಮೀಟರಿನಲ್ಲಿ 80 ಇದ್ದರೆ ಫೋನಿನ ಜಿಪಿಎಸ್ 72 ಅನ್ನುತ್ತದೆ. ಮೊದಲು 77 ಆಸುಪಾಸು ಇರುತ್ತಿತ್ತು. ನಮ್ಮ ಬೀದಿಯ ಹಂಪಿನ ಮೇಲೆ ಐದು ಜನ ಕೂತರೂ ಸಲೀಸಾಗಿ ದಾಟುತ್ತಿತ್ತು, ಈಗ ಮೂರು ಜನಕ್ಕೇ ತಳ ಕೆರೆಯುತ್ತದೆ. ವಿಚಿತ್ರ ಅಂದರೆ ಮೈಲೇಜ್ 18 ಇದ್ದದ್ದು 19 ದಾಟಿದೆ, ಪಿಕಪ್ಪೂ ಚೆನ್ನಾಗಾಗಿದೆ!

ಗ್ಯಾರೇಜಿನವರು ಸ್ಪೀಡ್ ಸೆನ್ಸರ್ ಬದಲಿಸೋಣ, ಹಿಂದಿನ ಸ್ಪ್ರಿಂಗೂ ಕೂತಿರಬಹುದು ಅನ್ನುತ್ತಿದ್ದಾರೆ. ಟೈರ್ ಅಂಗಡಿಯವರು ಮಾತ್ರ "ಒಂದು ಸೈಜ್ ದೊಡ್ಡದೇ ಹಾಕಿದ್ದೇನೆ ಸರ್, ಗ್ರಿಪ್ ಚೆನ್ನಾಗಿ ಸಿಗುತ್ತೆ" ಅಂದಿದ್ದರು. ಏನು ಮಾಡಲಿ?

ಗೇರ್‌ಬಾಕ್ಸ್_ರಾಯ:
ಸರ್, ಸೆನ್ಸರಿಗೂ ಸ್ಪ್ರಿಂಗಿಗೂ ಸದ್ಯಕ್ಕೆ ಒಂದು ರೂಪಾಯಿ ಖರ್ಚು ಮಾಡಬೇಡಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಯಾವ ಸೈಜ್ ಇದೆ, ಈಗ ಹಾಕಿರುವ ಟೈರಿನ ಪಕ್ಕದಲ್ಲಿ ಏನು ಬರೆದಿದೆ, ಎರಡನ್ನೂ ಇಲ್ಲಿ ಹಾಕಿ.

ಕಲ್ಪತರು_ಸ್ವಿಫ್ಟ್:
ಸ್ಟಿಕ್ಕರ್: 165/80 ಆರ್14
ಹೊಸ ಟೈರ್: 175/65 ಆರ್14 82ಟಿ
165ಕ್ಕಿಂತ 175 ದೊಡ್ಡದೇ ಅಲ್ವಾ? ರಿಮ್ಮೂ ಅದೇ 14.

ಗೇರ್‌ಬಾಕ್ಸ್_ರಾಯ:
ಎಲ್ಲಾ ಗೊಂದಲ ಅಲ್ಲೇ ಇರೋದು. 175 ಅನ್ನೋದು ಅಗಲ, ಮಿಲಿಮೀಟರಿನಲ್ಲಿ. ಎತ್ತರ ಅಲ್ಲ. ಮಧ್ಯದ ನಂಬರು ಆ ಅಗಲದ ಶೇಕಡಾ ಎಷ್ಟು ಎತ್ತರಕ್ಕೆ ಟೈರಿನ ಗೋಡೆ ನಿಂತಿದೆ ಅನ್ನೋದು. ಕೊನೆಯ 14 ರಿಮ್ಮಿನ ಅಳತೆ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ತುರುಕಿದ ಪುಣ್ಯಾತ್ಮ ಯಾರೋ! ಹಾಗಾಗಿ ಬರೀ ಮೊದಲ ನಂಬರು ನೋಡಿ ದೊಡ್ಡದು, ಚಿಕ್ಕದು ಅನ್ನೋಕೆ ಆಗಲ್ಲ. ಲೆಕ್ಕ ಹಾಕಲೇಬೇಕು.

ನಿಮ್ಮ ಕಂಪನಿ ಟೈರು: 165ರಲ್ಲಿ ಶೇ. 80 ಅಂದರೆ 132 ಮಿಮೀ. ರಿಮ್ಮಿನ ಮೇಲೊಂದು, ಕೆಳಗೊಂದು ಗೋಡೆ, ಒಟ್ಟು 264. 14 ಇಂಚು ಅಂದರೆ 355.6 ಮಿಮೀ. ಕೂಡಿದರೆ ಚಕ್ರದ ಪೂರ್ತಿ ಎತ್ತರ 619.6.

ಈಗಿನದು: 175ರಲ್ಲಿ ಶೇ. 65 ಅಂದರೆ 113.75. ಎರಡರಿಂದ ಗುಣಿಸಿದರೆ 227.5. ಅದಕ್ಕೆ 355.6 ಸೇರಿಸಿ, 583.1.

ಅಂದರೆ ದೊಡ್ಡದು ಅಂತ ಹಾಕಿದ ಟೈರು ಮೂರೂವರೆ ಸೆಂಟಿಮೀಟರಿಗಿಂತ ಜಾಸ್ತಿ ಗಿಡ್ಡ, ಹತ್ತಿರ ಹತ್ತಿರ ಶೇ. 6. ಅದರಲ್ಲಿ ಅರ್ಧ ನೆಲದ ಕಡೆ ಕಳೆದುಹೋಯಿತು. ನಿಮ್ಮ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ತಳಕ್ಕೆ ಇರುವ ಅಂತರ, 163 ಮಿಮೀ. ಅದರಲ್ಲಿ 18 ಹೋಗಿ 145 ಉಳಿಯಿತು. ಹಂಪ್ ಕೆರೆಯದೆ ಇನ್ನೇನು?

ಮೀಟರಿನ ಕಥೆಯೂ ಅಷ್ಟೇ. ಅದು ಚಕ್ರ ಎಷ್ಟು ಸುತ್ತು ತಿರುಗಿತು ಅಂತ ಎಣಿಸುತ್ತದೆ, ಒಂದು ಸುತ್ತಿಗೆ ಹಳೆ ಟೈರಿನಷ್ಟೇ ದೂರ ಹೋಯಿತು ಅಂದುಕೊಂಡು. ಗಿಡ್ಡ ಚಕ್ರ ಅದೇ ದೂರಕ್ಕೆ ಜಾಸ್ತಿ ಸುತ್ತು ತಿರುಗುತ್ತದೆ. 77ರಲ್ಲಿ ಶೇ. 6 ಕಳೆಯಿರಿ, ನಿಮ್ಮ 72 ಬಂತು. ಸೆನ್ಸರ್ ಸರಿಯಾಗಿಯೇ ಇದೆ.

ನಂಬಿಕೆ ಬರದಿದ್ದರೆ ಡಿಕ್ಕಿಯಿಂದ ಸ್ಟೆಪ್ನಿ ತೆಗೆದು ಚಕ್ರದ ಪಕ್ಕ ನಿಲ್ಲಿಸಿ ನೋಡಿ. ಅದು ಇನ್ನೂ ಹಳೆ ಸೈಜೇ ಇರಬೇಕು.

ಘಾಟಿ_ಡ್ರೈವರ್:
ಹಾಗಾದ್ರೆ ಮೈಲೇಜ್ ಹೆಂಗೆ ಜಾಸ್ತಿ ಆಯ್ತು ಗುರು?

ಗೇರ್‌ಬಾಕ್ಸ್_ರಾಯ:
ಆಗಿಲ್ಲ. ಒಟ್ಟು ಎಷ್ಟು ಕಿಲೋಮೀಟರ್ ಓಡಿತು ಅಂತ ತೋರಿಸುವ ಓಡೋಮೀಟರೂ ಅದೇ ಸುತ್ತಿನ ಲೆಕ್ಕದಲ್ಲಿ ಓಡುತ್ತದೆ. ನಿಜವಾಗಿ 18 ಕಿಮೀ ಓಡಿದರೆ ಅದು 19.1 ಅಂತ ಬರೆದುಕೊಳ್ಳುತ್ತದೆ. ಪೆಟ್ರೋಲ್ ಅಷ್ಟೇ ಕುಡಿಯಿತು, ಕಿಲೋಮೀಟರ್ ಮಾತ್ರ ಕಾಗದದ ಮೇಲೆ ಬೆಳೆಯಿತು. ಸರ್ವಿಸ್ಸೂ ಬೇಗ ಬರುತ್ತದೆ, ಮಾರುವಾಗ ಗಾಡಿ ಜಾಸ್ತಿ ಓಡಿದೆ ಅಂತಲೂ ಕಾಣುತ್ತದೆ. ಪಿಕಪ್ ಮಾತ್ರ ಸುಳ್ಳಲ್ಲ. ಚಕ್ರ ಗಿಡ್ಡ ಆದರೆ ಎಳೆತ ಸ್ವಲ್ಪ ಜಾಸ್ತಿ ಸಿಗುತ್ತದೆ. ಬದಲಿಗೆ ಹೈವೇಯಲ್ಲಿ ಅದೇ ವೇಗಕ್ಕೆ ಎಂಜಿನ್ ಜಾಸ್ತಿ ಕಿರುಚುತ್ತದೆ.

ಕಲ್ಪತರು_ಸ್ವಿಫ್ಟ್:
ಸ್ಟೆಪ್ನಿ ನಿಲ್ಲಿಸಿ ನೋಡಿದೆ. 165/80 ಆರ್14 85ಟಿ ಅಂತಲೇ ಇದೆ. ಎರಡರ ಮೇಲೆ ಅಡ್ಡಡ್ಡ ರೂಲ್ ಪಟ್ಟಿ ಇಟ್ಟರೆ ಜಾರುಬಂಡೆ ಥರ ಇಳಿಯುತ್ತದೆ! ತಿಪಟೂರಿಂದ ಅರಸೀಕೆರೆ ಕಡೆ ಹೋಗುವಾಗ ಕಿಲೋಮೀಟರ್ ಕಲ್ಲು ನೋಡಿ ಟ್ರಿಪ್ ಮೀಟರ್ ಸೊನ್ನೆ ಮಾಡಿದ್ದೆ. ಕಲ್ಲಿನ ಲೆಕ್ಕದಲ್ಲಿ 20 ಆದಾಗ ಮೀಟರಿನಲ್ಲಿ 21.2. ಈ 85ಟಿ, 82ಟಿ ಏನದು?

ಗೇರ್‌ಬಾಕ್ಸ್_ರಾಯ:
ನಂಬರು ಭಾರಕ್ಕೆ, ಅಕ್ಷರ ವೇಗಕ್ಕೆ. 85 ಅಂದರೆ ಒಂದು ಟೈರು 515 ಕೆಜಿ ಹೊರುತ್ತದೆ, 82 ಅಂದರೆ 475. ಆ ನಂಬರೇ ಕೆಜಿ ಅಲ್ಲ, ಅದಕ್ಕೊಂದು ಪಟ್ಟಿ ಇದೆ. ಟಿ ಅಂದರೆ ಗಂಟೆಗೆ 190 ಕಿಮೀವರೆಗೆ, ಎಸ್ ಆದರೆ 180, ಎಚ್ ಆದರೆ 210. ಸ್ವಿಫ್ಟ್ ತೂಕಕ್ಕೆ 475 ಸಾಲುವುದಿಲ್ಲ ಅಂತಲ್ಲ. ಆದರೆ ಕಂಪನಿ ಕೊಟ್ಟಿದ್ದಕ್ಕಿಂತ ಕೆಳಗೆ ಇಳಿಯಬಾರದು ಅನ್ನೋದು ನನ್ನ ಲೆಕ್ಕ. ಮೇಲೆ ಹೋದರೆ ತೊಂದರೆ ಇಲ್ಲ.

ಇನ್ನೊಂದು ಮುಖ್ಯ ವಿಷಯ. ಸೈಜ್ ಸರಿ ಮಾಡುವ ತನಕ ಆ ಸ್ಟೆಪ್ನಿಯನ್ನು ಮುಂದಿನ ಚಕ್ರಕ್ಕೆ ಹಾಕಿಕೊಂಡು ದೂರ ಹೋಗಬೇಡಿ. ಒಂದೇ ಆಕ್ಸಲ್‌ನಲ್ಲಿ ಒಂದು ಎತ್ತರ, ಒಂದು ಗಿಡ್ಡ ಆದರೆ ನೆಟ್ಟಗೆ ಹೋಗುವಾಗಲೂ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡುವ ಗೇರು) ಸುಮ್ನೆ ತಿರುಗುತ್ತಲೇ ಇರುತ್ತದೆ.

ಹಳೆ_ಸ್ಪ್ಲೆಂಡರ್:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಬೈಕಿನಲ್ಲಿ ಆರ್ ಇಲ್ಲ, 2.75-18 ಅಂತಿದೆ. ಶೇಕಡಾನೂ ಇಲ್ಲ. ಅಪ್ಪಾಜಿಯ ಟ್ರ್ಯಾಕ್ಟರಿನಲ್ಲೂ 13.6-28.

ಗೇರ್‌ಬಾಕ್ಸ್_ರಾಯ:
ಅದು ಹಳೆ ಪದ್ಧತಿ ತಮ್ಮಾ. ಅಗಲವೂ ಇಂಚು, ರಿಮ್ಮೂ ಇಂಚು. ನಡುವೆ ಗೆರೆ (-) ಇದ್ದರೆ ಒಳಗಿನ ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾಯ್ದಿವೆ ಅಂತ, ಆರ್ ಇದ್ದರೆ ರೇಡಿಯಲ್, ಅಂದರೆ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಹೋಗಿವೆ ಅಂತ. ಆರ್ ಅಂದರೆ ರೇಡಿಯಸ್ ಅಂದುಕೊಂಡವರು ತುಂಬಾ ಜನ ಇದ್ದಾರೆ. ಮಿಕ್ಕಿದ್ದು ಬೇರೆ ಪ್ರಶ್ನೆಯಾಗಿ ಹಾಕು, ಇಲ್ಲಿ ಕಾರು ಮುಗಿಸೋಣ.

ಘಾಟಿ_ಡ್ರೈವರ್:
ಹಂಗಾದ್ರೆ ಈಗ ಯಾವ ಟೈರ್ ಹಾಕಿಸಬೇಕು? 185 ಹಾಕಿದವರನ್ನ ನೋಡಿದ್ದೀನಿ.

ಗೇರ್‌ಬಾಕ್ಸ್_ರಾಯ:
ಕಣ್ಣು ಮುಚ್ಚಿಕೊಂಡು 165/80 ಆರ್14. ಅಗಲ ಬೇಕೇ ಬೇಕು ಅಂದರೆ ಇದೇ ರಿಮ್ಮಿಗೆ 185/70 ಆರ್14. ಎತ್ತರ 614.6, ಒಂದು ಶೇಕಡಾನೂ ವ್ಯತ್ಯಾಸ ಇಲ್ಲ. ಇದೇ ಸ್ವಿಫ್ಟಿನ ಮೇಲಿನ ಮಾಡೆಲ್ಲಿಗೆ ಕಂಪನಿ ಕೊಡುವ 185/65 ಆರ್15 ಲೆಕ್ಕ ಹಾಕಿ ನೋಡಿ: 621.5. ರಿಮ್ ಒಂದಿಂಚು ದೊಡ್ಡದಾಯಿತು, ಟೈರಿನ ಗೋಡೆ ಅಷ್ಟೇ ಗಿಡ್ಡ ಆಯಿತು, ಹೊರಗಿನ ಎತ್ತರ ಮಾತ್ರ ಅಲ್ಲೇ ನಿಂತಿದೆ. ನಿಮ್ಮ ಅಂಗಡಿಯವರು ಬಿಟ್ಟದ್ದು ಈ ಭಾಗವನ್ನೇ. ನನ್ನನ್ನು ಕೇಳಿದರೆ ಅಗಲ ಜಾಸ್ತಿ ಮಾಡೋದೇ ಬೇಡ. ಸ್ಟೇರಿಂಗ್ ಸ್ವಲ್ಪ ಭಾರ ಆಗುತ್ತದೆ, ಸ್ಟೆಪ್ನಿ ಮತ್ತೆ ಬೇರೆ ಸೈಜ್ ಆಗುತ್ತದೆ.

ಅಂಗಡಿಗೆ ಹೋಗುವಾಗ ಸ್ಟಿಕ್ಕರಿನ ಫೋಟೋ ತೋರಿಸಿ. ಜಗಳ ಬೇಡ, 619 ಮತ್ತು 583 ಚೀಟಿಯಲ್ಲಿ ಬರೆದು ಕೊಡಿ ಸಾಕು. ಟೈರು ಜಾಸ್ತಿ ಓಡಿಲ್ಲ, ಸ್ವಲ್ಪ ಕಳೆದುಕೊಂಡು ವಾಪಸ್ ತಗೋಬಹುದು.

ಕಲ್ಪತರು_ಸ್ವಿಫ್ಟ್:
ಚೀಟಿ ಕೆಲಸ ಮಾಡಿತು. ಸ್ವಲ್ಪ ದುಡ್ಡು ಹಿಡಿದುಕೊಂಡರು, ಆದರೆ 165/80 ಆರ್14 85ಟಿ ನಾಲ್ಕೂ ಹಾಕಿಕೊಟ್ಟರು. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಆಯಿತು. ಜಿಪಿಎಸ್ ಮತ್ತೆ 77ಕ್ಕೆ ಬಂತು, ಹಂಪೂ ದಾಟುತ್ತಿದೆ. ಗಾಳಿ ಎಷ್ಟು ಹಾಕಿಸಲಿ? ಟೈರಿನ ಮೇಲೆ ಮ್ಯಾಕ್ಸ್ 44 ಪಿಎಸ್ಐ ಅಂತಿದೆ. ಮತ್ತೆ ಸ್ಟೆಪ್ನಿಯಲ್ಲಿ ಉದ್ದದ ಕೋಡಿನ ಕೊನೆಗೆ ಪುಟ್ಟ ಚೌಕಟ್ಟಿನೊಳಗೆ 1118 ಅಂತಿದೆ, ಅದೂ ಸೈಜಾ?

ಗೇರ್‌ಬಾಕ್ಸ್_ರಾಯ:
44 ಆ ಟೈರು ತಡೆದುಕೊಳ್ಳುವ ಮಿತಿ, ನಿಮ್ಮ ಗಾಡಿಗೆ ಹಾಕಬೇಕಾದ್ದಲ್ಲ. ಗಾಳಿಯ ಲೆಕ್ಕ ಅದೇ ಬಾಗಿಲಿನ ಸ್ಟಿಕ್ಕರಿನಲ್ಲಿದೆ. ಜನ ಕಮ್ಮಿ ಇದ್ದಾಗ ಎಷ್ಟು, ತುಂಬಿದಾಗ ಎಷ್ಟು ಅಂತ ಬೇರೆ ಬೇರೆ ಕೊಟ್ಟಿರುತ್ತಾರೆ. ಟೈರು ತಣ್ಣಗಿರುವಾಗಲೇ ಹಾಕಿಸಿ.

1118 ತಯಾರಾದ ತಾರೀಖು: 2018ರ 11ನೇ ವಾರ. ಅದು ಟೈರಿನ ಒಂದೇ ಪಕ್ಕದಲ್ಲಿರುತ್ತದೆ. ಹೊಸ ನಾಲ್ಕರಲ್ಲಿ ಹೊರಗಡೆ ಕಾಣದಿದ್ದರೆ ಬಗ್ಗಿ ಒಳಗಡೆ ನೋಡಿ. ಸ್ಟೆಪ್ನಿ ಓಡದೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಗೋಡೆಯಲ್ಲಿ ಸಣ್ಣ ಬಿರುಕು ಇದೆಯಾ ನೋಡಿಕೊಳ್ಳಿ. ಅದು ಪಂಚರ್ ಅಂಗಡಿ ಮುಟ್ಟಿಸೋಕೆ ಮಾತ್ರ ಇರಲಿ, ದೂರದ ಊರಿಗೆ ಬೇಡ.